ಹಬ್ಬದ ಕಥೆ ಮತ್ತು ಸುಖಾಂತ್ಯದ ಬೆಲೆ



ಡಿಸೆಂಬರ್ ಸಮೀಪಿಸುತ್ತಿದ್ದಂತೆ ಇಂಗ್ಲಿಷ್ ಪುಸ್ತಕದಂಗಡಿಗಳಿಗೆ ಕ್ರಿಸ್‌ಮಸ್ ಪ್ರೇಮ ಕಾದಂಬರಿಗಳು ರಾಶಿರಾಶಿಯಾಗಿ ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಇಬ್ಬರು ಗಂಡಸರ ಪ್ರೇಮವನ್ನು ಹೇಳುವ ಕೃತಿಗಳೂ ಇವುಗಳ ಸಾಲಿಗೆ ಸೇರಿವೆ. ಇದು ಸ್ವಾಗತಾರ್ಹವೇ. ಆದರೂ ಇಂಥ ಕೆಲವು ಕಾದಂಬರಿಗಳನ್ನು ಓದಿ ಮುಗಿಸಿದಾಗ ನಿರಾಸೆಯಾಗುತ್ತದೆ. ಏಕೆಂದು ನೋಡೋಣ.

ಇವುಗಳ ಸಿದ್ಧ ಅಚ್ಚು ಹೀಗಿರುತ್ತದೆ. ಮಹಾನಗರದಲ್ಲಿ ದುಡಿಯುವ ಯುವಕ ಹಬ್ಬಕ್ಕೆಂದು ತನ್ನ ಪುಟ್ಟ ಊರಿಗೆ ಮರಳುತ್ತಾನೆ. ಮನೆಯವರ ಒತ್ತಾಯ ತಪ್ಪಿಸಿಕೊಳ್ಳಲು ಗೆಳೆಯನೊಬ್ಬನನ್ನು ತನ್ನ ಪ್ರಿಯಕರನೆಂದು ಪರಿಚಯಿಸುತ್ತಾನೆ. ನಟನೆ ನಿಜವಾಗುತ್ತದೆ. ಒಂದು ಮಾತಿನಲ್ಲಿ ಬಗೆಹರಿಯಬಹುದಾದ ತಪ್ಪು ತಿಳಿವಳಿಕೆ ಹತ್ತಾರು ಪುಟ ಎಳೆಯುತ್ತದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಹಿಮ ಬೀಳುತ್ತದೆ, ಎಲ್ಲವೂ ಸರಿಹೋಗುತ್ತದೆ. ತಂದೆಯ ಅಸಮಾಧಾನ, ಮಗನ ಅಂಜಿಕೆ ಎಲ್ಲಿ ಕರಗಿದವು? ಉತ್ತರವಿಲ್ಲ.

ಹಾಗಾದರೆ ಸುಖಾಂತ್ಯವೇ ದೋಷವೆ? ಅಲ್ಲ. 'ಎ ಪ್ಯಾಸೇಜ್ ಟು ಇಂಡಿಯಾ' ಬರೆದ ಇ. ಎಂ. ಫಾರ್ಸ್ಟರ್ ಅವರನ್ನು ನೀವು ಬಲ್ಲಿರಿ. 1913-14ರಲ್ಲಿ ಅವರು 'ಮಾರಿಸ್' ಎಂಬ ಸಲಿಂಗ ಪ್ರೇಮದ ಕಾದಂಬರಿಯನ್ನು ಬರೆದರು. ಪ್ರೇಮಿಗಳಿಗೆ ಸುಖಾಂತ್ಯ ಇರಲೇಬೇಕೆಂಬುದು ಅವರ ನಿರ್ಧಾರವಾಗಿತ್ತು. ಆದರೆ ಅಂದಿನ ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ಇಂಥ ಸಂಬಂಧ ಅಪರಾಧವಾಗಿತ್ತು. ಆ ಕಾನೂನು ಸಡಿಲವಾದದ್ದು 1967ರಲ್ಲಿ. ಹಸ್ತಪ್ರತಿ ಸ್ನೇಹಿತರ ಕೈಗಳಲ್ಲಷ್ಟೇ ಓಡಾಡಿತು. ಫಾರ್ಸ್ಟರ್ 1970ರಲ್ಲಿ ತೀರಿಕೊಂಡರು. ಪುಸ್ತಕ ಹೊರಬಂದದ್ದು 1971ರಲ್ಲಿ.

ಅದರ ಅಂತ್ಯ ಕೆಲವು ವಿಮರ್ಶಕರಿಗೆ ನಂಬಲರ್ಹವೆನಿಸಲಿಲ್ಲ. ಆದರೆ ಒಂದನ್ನು ಗಮನಿಸಿ. ಎಸ್ಟೇಟಿನ ಕಾವಲುಗಾರ ಅಲೆಕ್ ಅರ್ಜೆಂಟೀನಾಕ್ಕೆ ಹೊರಟ ಹಡಗನ್ನು ಹತ್ತುವುದಿಲ್ಲ. ಷೇರು ದಲ್ಲಾಳಿ ಮಾರಿಸ್ ತನ್ನ ವೃತ್ತಿ, ಅಂತಸ್ತುಗಳನ್ನು ಬಿಟ್ಟು ನಡೆಯುತ್ತಾನೆ. ಇಬ್ಬರೂ ಬೆಲೆ ತೆತ್ತಿದ್ದಾರೆ. ಆದ್ದರಿಂದಲೇ ಆ ಸುಖಕ್ಕೆ ತೂಕವಿದೆ.

ಹಬ್ಬವೂ ದೋಷವಲ್ಲ. ಡಿಕನ್ಸ್ 1843ರಲ್ಲಿ ಪ್ರಕಟಿಸಿದ 'ಎ ಕ್ರಿಸ್‌ಮಸ್ ಕ್ಯಾರೊಲ್' ಕಥೆಯ ಜಿಪುಣ ಸ್ಕ್ರೂಜ್ ಹಬ್ಬದ ಬೆಳಿಗ್ಗೆ ಹೊಸ ಮನುಷ್ಯನಾಗಿ ಏಳುತ್ತಾನೆ. ಅದಕ್ಕೆ ಮೊದಲು ಅವನು ತನ್ನ ಒಂಟಿ ಬಾಲ್ಯವನ್ನು, ಹಣದಾಸೆಗೆ ಕಳೆದುಕೊಂಡ ಹುಡುಗಿಯನ್ನು, ಯಾರೂ ಅಳದ ತನ್ನ ಸಾವನ್ನು ಕಣ್ಣಾರೆ ಕಾಣಬೇಕಾಗುತ್ತದೆ. ಹಬ್ಬ ಸಂದರ್ಭವನ್ನು ಒದಗಿಸುತ್ತದೆ. ಮನಸ್ಸನ್ನು ಬದಲಿಸುವುದು ಆ ನೋಟ.

ಇದು ಕೇವಲ ತಂತ್ರದ ಪ್ರಶ್ನೆಯಲ್ಲ. ತನ್ನೊಳಗಿನ ಪ್ರೇಮವನ್ನು ಮನೆಯಲ್ಲಿ ಹೇಳಲಾರದ ಹದಿಹರೆಯದ ಹುಡುಗ ಇಂಥ ಪುಸ್ತಕದಲ್ಲಿ ತನ್ನನ್ನೇ ಹುಡುಕುತ್ತಿರಬಹುದು. ಅಪ್ಪನ ಮುನಿಸು ಹಿಮದ ಜೊತೆ ತಾನಾಗಿಯೇ ಕರಗಿತೆಂದರೆ, ಅವನ ಭಯ ಭಯವೇ ಅಲ್ಲವೆಂದು ಹೇಳಿದಂತಾಗುತ್ತದೆ. ಧೈರ್ಯ ಕೊಡಬೇಕಾದ ಪುಸ್ತಕ ಅವನನ್ನು ಮತ್ತಷ್ಟು ಒಂಟಿಯಾಗಿಸುತ್ತದೆ.

ಆದ್ದರಿಂದ ಮಿತ್ರರೇ, ಇಂಥ ಕಾದಂಬರಿ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಿ. ಪ್ರೇಮಿಗಳು ಏನನ್ನು ಬಿಟ್ಟುಕೊಟ್ಟರು? ವಿರೋಧಿಸಿದವರ ಮನಸ್ಸು ಯಾವ ಘಟನೆಯಿಂದ ಬದಲಾಯಿತು? ಉತ್ತರ ಸಿಗದಿದ್ದರೆ ಕೃತಿ ಸೋತಿದೆ ಎನ್ನಲು ಅಂಜಬೇಡಿ. ಆದರೆ ಬರವಣಿಗೆಯ ಸೋಲನ್ನು ಆ ಪ್ರೇಮದ ತಲೆಗೆ ಕಟ್ಟಬೇಡಿ. ವಸ್ತು ಒಳ್ಳೆಯದೆಂದು ಸೋಮಾರಿ ಬರವಣಿಗೆಯನ್ನೂ ಮನ್ನಿಸಬೇಡಿ.