ಹಳೇ ಸಿ.ಎನ್.ಸಿ. ಲೇತು: ಕೊಳ್ಳುವಾಗ ನೋಡಬೇಕಾದ್ದು, ಕೊಂಡ ಮೇಲೆ ಮಾಡಬೇಕಾದ್ದು
(ರಜತ ಮಹೋತ್ಸವದ ಸದಸ್ಯರ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಬೇಸಾಯದ ಸಾಲಕ್ಕಾಗಿ. ನಮ್ಮ ಸಂಘವೂ ಈ 25 ವರ್ಷ ಅದೇ ದಾರಿಯಲ್ಲಿ ನಡೆದು ಬಂದಿದೆ. ಆದರೆ ಈ ಸಲ ನಮ್ಮ ಮೇಜಿನ ಮೇಲೆ ಬಂದಿರುವ ಮೂರು ಅರ್ಜಿ ಬೇರೆ ಥರದವು. ಮೂವರೂ ಐ.ಟಿ.ಐ. ಮುಗಿಸಿ ಪೀಣ್ಯದ ಕಾರ್ಖಾನೆಗಳಲ್ಲಿ ದುಡೀತಿರೋ ನಮ್ಮೂರ ಹುಡುಗರು. ಸೆಕೆಂಡ್ ಹ್ಯಾಂಡ್ ಸಿ.ಎನ್.ಸಿ. ಲೇತು ತಂದು, ಕಂಟ್ರೋಲ್ ಬದಲಾಯಿಸಿ, ಮನೆ ಮಗ್ಗುಲಲ್ಲೇ ವರ್ಕ್‌ಶಾಪ್ ಹಾಕ್ತೀವಿ, ಸಾಲ ಕೊಡಿ ಅಂತಾರೆ. "ಗುಜರಿಗೆ ಸಂಘದ ದುಡ್ಡಾ?" ಅಂತ ಮಂಡಳಿಯಲ್ಲಿ ಮಾತು ಬಂತು. ಅಂಥದೊಂದು ಮಿಷನ್ನು ನಮ್ಮ ಮನೇಲಿ ಓಡ್ತಾ ಇದೆ. ಸಂಘದ ಸಾಲದಿಂದ ತಂದದ್ದಲ್ಲ, ಮನೆಯ ಒಡವೆ ಅಡವಿಟ್ಟು ತಂದದ್ದು. ಆದ್ದರಿಂದ ನೀವೇ ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟರು. ನಾವು ಎಸ್ಸೆಸ್ಸೆಲ್ಸಿ ಓದಿದ ರೈತರು, ಇಂಜಿನಿಯರ್ ಭಾಷೆ ಬರೋದಿಲ್ಲ. ತಮ್ಮನ ಮಗ ಹೇಳಿಕೊಟ್ಟದ್ದು, ನಾವು ಕಣ್ಣಾರೆ ಕಂಡದ್ದು, ಅಷ್ಟನ್ನೇ ಹೇಳ್ತೀವಿ.

ಸಾದಾ ಲೇತು ಎಲ್ಲರೂ ನೋಡಿದ್ದೀರಿ. ಚಕ್ಕಿನಲ್ಲಿ ಕಬ್ಬಿಣ ಹಿಡಿಸಿ ತಿರುಗಿಸ್ತಾರೆ, ಟೂಲು ಕೊಟ್ಟರೆ ಸುರುಳಿಯಾಗಿ ಸುಲಿದು ಬರ್ತದೆ. ಅಲ್ಲಿ ಕೈಚಕ್ರ ತಿರುಗಿಸಿ ಟೂಲು ಸರಿಸಬೇಕು. ಸಿ.ಎನ್.ಸಿ.ಯಲ್ಲಿ ಆ ಕೆಲಸಕ್ಕೆ ಎರಡು ಮೋಟರು: ಉದ್ದಕ್ಕೆ ಸರಿಸುವುದು ಜೆಡ್, ಅಡ್ಡಕ್ಕೆ ಸರಿಸುವುದು ಎಕ್ಸ್. ಕಂಪ್ಯೂಟರು ಲೆಕ್ಕ ಹೇಳಿದ ಹಾಗೆ ಅವು ಓಡ್ತವೆ. ಒಂದು ಬುಷ್ ಸರಿ ಬಂತೋ, ನೂರೂ ಅದೇ ಅಳತೆ.

ಈ ಮಿಷನ್ನಿಗೆ ಎರಡು ಆಯುಸ್ಸು. ಬೀಡು ಎರಕದ ಮೈ, ಹೊತ್ತುಹೊತ್ತಿಗೆ ಎಣ್ಣೆ ಕಂಡಿದ್ದರೆ, ದಶಕಗಟ್ಟಲೆ ಬಾಳ್ತದೆ. ಅದರ ಎಲೆಕ್ಟ್ರಾನಿಕ್ ಭಾಗ ಮುಂಚೆಯೇ ಸಾಯ್ತದೆ, ಆ ಕಾಲದ ಬೋರ್ಡು ಆಮೇಲೆ ಸುಲಭಕ್ಕೆ ಸಿಗೋದಿಲ್ಲ. ಆಗ ಕಾರ್ಖಾನೆಯವರು ಇಡೀ ಮಿಷನ್ನನ್ನೇ ಗುಜರಿ ದರಕ್ಕಿಂತ ಚೂರು ಮೇಲಕ್ಕೆ ಮಾರ್ತಾರೆ. ನಮಗೆ ಅನುಕೂಲವಾಗೋದು ಇಲ್ಲೇ. ಆದರೆ ಕೊಳ್ಳೋರು ಮಾಡೋದೇನು? ಪರದೆ ಹೊತ್ತಿಕೊಂಡು ಅಕ್ಷರ ಮೂಡಿದರೆ ಸಾಕು, ಮಿಷನ್ ಜೀವಂತ ಇದೆ ಅಂತ ಅಡ್ವಾನ್ಸ್ ಕೊಟ್ಟುಬಿಡ್ತಾರೆ. ನಮಗೂ ಒಬ್ಬ ದಲ್ಲಾಳಿ ಪರದೆ ಹೊತ್ತಿಸಿ ತೋರಿಸಿದ. ತಮ್ಮನ ಮಗ ಆ ಕಡೆ ತಿರುಗಿಯೂ ನೋಡಲಿಲ್ಲ, ಸ್ಪ್ಯಾನರ್ ತಗೊಂಡು ಬೆಡ್ಡಿನ ಮೇಲಿನ ತಗಡು ಬಿಚ್ಚೋಕೆ ಕೂತ. ಎತ್ತು ಕೊಳ್ಳುವಾಗ ನಾವು ಹಲ್ಲು ಹಿಡಿದು, ಗೊರಸು ಎತ್ತಿ, ನಡೆಸಿ ನೋಡ್ತೀವೋ, ಇಲ್ಲ ಕೊಂಬಿನ ಬಣ್ಣ ನೋಡ್ತೀವೋ?

ಮಿಷನ್ನಿಗೂ ಹಲ್ಲು ಇದೆ. ಚಕ್ಕಿನ ಹತ್ತಿರ ಕೆಲಸ ಜಾಸ್ತಿ, ಬೆಡ್ಡು ಅಲ್ಲೇ ಮೊದಲು ಸವೆಯೋದು. ಉಗುರು ಎಳೆದರೆ ಸವೆದ ಜಾಗಕ್ಕೂ ಸವೆಯದ ಜಾಗಕ್ಕೂ ನಡುವೆ ಏಣು ಸಿಕ್ತದೆ. ಹಾಗೆ ಸಿಕ್ಕಿದರೆ ಕೈಮುಗಿದು ಬನ್ನಿ. ಎರಡನೆಯದು ಬಾಲ್ ಸ್ಕ್ರೂ. ಕರೆಂಟ್ ತೆಗೆಸಿ, ಪುಲ್ಲಿಯನ್ನು ಕೈಯಲ್ಲೇ ತಿರುಗಿಸಬೇಕು. ತುದಿಗಳಲ್ಲಿ ಬಿಗಿ, ನಡುವೆ ಸಡಿಲ ಅಂದರೆ ಸ್ಕ್ರೂ ತಿಂದಿದೆ. ಡಯಲ್ ಇಟ್ಟು, ಪುಲ್ಲಿ ತಿರುಗಿದರೂ ಮುಳ್ಳು ಅಲ್ಲಾಡದೆ ಎಷ್ಟು ನಿಲ್ತದೆ ನೋಡಬೇಕು. ಎಕ್ಸ್‌ನಲ್ಲಿ ಒಂದು ಕಾಣುವಷ್ಟು ಸಡಿಲ ಇದ್ದರೆ ಮಾಲಿನ ದಪ್ಪದಲ್ಲಿ ಅದು ಎರಡಾಗಿ ಕಾಣ್ತದೆ. ಆಮೇಲೆ ಸ್ಪಿಂಡಲ್: ಮೂತಿಗೆ ಡಯಲ್ ಮುಟ್ಟಿಸಿ, ಚಕ್ಕಿನ ಅಡಿಗೆ ಮರದ ತುಂಡು ಕೊಟ್ಟು ಮೆಲ್ಲಗೆ ಮೀಟಿದರೆ ಬೇರಿಂಗ್ ತಾನೇ ಬಾಯಿಬಿಡ್ತದೆ. ಟೂಲು ಬದಲಿಸುವ ಟರೆಟ್ ಸರಿಯಾಗಿ ಕೂರಬೇಕು. ಎಣ್ಣೆಯ ಸಣ್ಣ ಕೊಳವೆ ಒಣಗಿ ಕಟ್ಟಿಕೊಂಡಿದ್ದರೆ ಹಿಂದಿನವರು ಅದನ್ನು ಹೇಗೆ ಸಾಕಿದ್ದರು ಅಂತ ಗೊತ್ತಾಗ್ತದೆ.

ಇನ್ನೊಂದು ಗುಟ್ಟು. ಹಳೇ ಕಂಟ್ರೋಲ್ ಎಷ್ಟೋವು ತಮ್ಮ ಮಿಷನ್ನಿನ ವಿವರ, ಅಂದರೆ ಪ್ಯಾರಾಮೀಟರ್, ಬ್ಯಾಟರಿ ಬಲದ ಮೆಮೊರಿಯಲ್ಲಿ ಇಟ್ಟುಕೊಂಡಿರ್ತವೆ. ಕಾರ್ಖಾನೆ ಬೀಗ ಹಾಕಿ ತಿಂಗಳುಗಟ್ಟಲೆ ನಿಂತರೆ ಬ್ಯಾಟರಿ ಸತ್ತು ಎಲ್ಲ ಅಳಿಸಿಹೋಗ್ತದೆ. ಮಿಷನ್ ಗಟ್ಟಿಮುಟ್ಟಾಗಿದ್ದೂ ಅಲ್ಲಾಡೋದಿಲ್ಲ. ಪ್ಯಾರಾಮೀಟರ್ ಪಟ್ಟಿ ಕ್ಯಾಬಿನೆಟ್ ಒಳಗೋ ಮಿಷನ್ ಪುಸ್ತಕದಲ್ಲೋ ಇದ್ದರೆ ಕೇಳಿ ತಗೊಳ್ಳಿ. ಅದನ್ನು ಮತ್ತೆ ತುಂಬಿಸಿ ಓಡಿದರೆ ಕಂಟ್ರೋಲ್ ಬದಲಾಯಿಸುವ ಖರ್ಚೇ ಉಳೀತು.

ನಮ್ಮದು ಓಡಲಿಲ್ಲ, ಬೋರ್ಡೇ ಸುಟ್ಟಿತ್ತು. ಅದು ಗೊತ್ತಿದ್ದೇ ಕೊಂಡದ್ದು. ಮಿಷನ್ನಿಗೆ 1,40,000 ರೂಪಾಯಿ. ಲಾರಿ, ಕ್ರೇನು, ಕಾಂಕ್ರೀಟ್ ಬುನಾದಿ, ಹೊಸ ಕನೆಕ್ಷನ್ನು ಎಲ್ಲಾ ಸೇರಿ 65,000. ಎರಡು ಸರ್ವೋ ಮೋಟರು, ಅವುಗಳ ಡ್ರೈವು, ಸ್ಪಿಂಡಲ್ಲಿಗೆ ವಿ.ಎಫ್.ಡಿ., ಎನ್‌ಕೋಡರ್, ಹಳೇ ಕಂಪ್ಯೂಟರು, ಕಾರ್ಡು, ವೈರು ಇವಕ್ಕೆ 1,55,000. ಲೆಕ್ಕ ಹಾಕಿ, ಮಿಷನ್ನಿನ ಬೆಲೆ ಒಟ್ಟು ಖರ್ಚಿನ ಅರ್ಧಕ್ಕೂ ಕಡಿಮೆ. ಎನ್‌ಕೋಡರ್ ಅನ್ನೋದು ಸ್ಪಿಂಡಲ್ ಎಷ್ಟು ತಿರುಗಿತು ಎಂದು ಕಂಪ್ಯೂಟರಿಗೆ ಹೇಳುವ ಸಾಧನ. ಅದಿಲ್ಲದೆ ಮರೆ ಹೊಡೆಯೋಕೆ ಆಗೋದಿಲ್ಲ.

ತಂತ್ರಾಂಶಕ್ಕೆ ಮಾತ್ರ ಒಂದು ಕಾಸೂ ಕೊಡಲಿಲ್ಲ. ಲಿನಕ್ಸ್ ಸಿ.ಎನ್.ಸಿ. ಅಂತ ಹೆಸರು. ಅಮೆರಿಕದ ಸರ್ಕಾರಿ ಸಂಸ್ಥೆ ಎನ್.ಐ.ಎಸ್.ಟಿ. 1990ರ ದಶಕದಲ್ಲಿ ಮಾಡಿದ ಕೆಲಸದಿಂದ ಬೆಳೆದದ್ದು. ಈಗ ದೇಶದೇಶದ ಜನ ಸೇರಿ ಅದನ್ನು ತಿದ್ದಿ ಬೆಳೆಸಿ ಪುಕ್ಕಟೆ ಹಂಚ್ತಾರೆ. ಅದೂ ಒಂಥರಾ ಸಹಕಾರ ಸಂಘವೇ ಅನ್ನಿ, ಷೇರು ಹಣ ಒಂದಿಲ್ಲ.

ಕರೆಂಟಿನ ವಿಚಾರ ಅರ್ಜಿಯಲ್ಲಿ ಯಾರೂ ಬರೆದಿಲ್ಲ. ಪಂಪ್‌ಸೆಟ್ ಕನೆಕ್ಷನ್ನಿನಿಂದ ಲೇತು ಓಡಿಸುವಂತಿಲ್ಲ, ಅದು ಕಾನೂನಿಗೆ ವಿರುದ್ಧ, ದಂಡ ಬೀಳ್ತದೆ. ಬೇರೆ ತ್ರೀಫೇಸ್ ಕನೆಕ್ಷನ್ ಬೇಕು. ಕೆಲಸದ ನಡುವೆ ಕರೆಂಟ್ ಹೋದರೆ ಕಂಪ್ಯೂಟರಿಗೆ ಯು.ಪಿ.ಎಸ್. ಇರಲಿ, ಒಂದು ಫೇಸ್ ಹೋದರೂ ಎಲ್ಲ ನಿಲ್ಲಿಸುವ ರಿಲೇ ಇರಲಿ. ಎಮರ್ಜೆನ್ಸಿ ಬಟನ್ ಒತ್ತಿದರೆ ವೈರಿನ ಮೂಲಕವೇ ಮೋಟರಿನ ಕರೆಂಟ್ ಕಡಿಯಬೇಕು. ಕಂಪ್ಯೂಟರಿಗೆ ಸುದ್ದಿ ಹೋಗಿ ಅದು ನಿಲ್ಲಿಸಲಿ ಅಂತ ನಂಬಿ ಕೂರಬಾರದು. ತಿರುಗೋ ಚಕ್ಕಿಗೆ ಪಂಚೆ ತುದಿ, ಟವೆಲ್ಲು, ಬಳೆ ಯಾವುದೂ ಹತ್ತಿರ ಬೇಡ. ಮನೆ ಮಗ್ಗುಲ ವರ್ಕ್‌ಶಾಪಿಗೆ ಮಕ್ಕಳು ನುಗ್ತವೆ, ಬಾಗಿಲಿಗೆ ಚಿಲಕ ಇರಲೇಬೇಕು.

ಕೆಲಸ ಎಲ್ಲಿಂದ? ಟ್ರ್ಯಾಕ್ಟರಿನ ಒಂದು ಪಿನ್ನು, ಪಂಪಿನ ಒಂದು ಶಾಫ್ಟು ಮಾಡೋಕೆ ಸಾದಾ ಲೇತೇ ವಾಸಿ, ಪ್ರೋಗ್ರಾಂ ಬರೆಯೋ ಹೊತ್ತಿಗೆ ಕೈಯಲ್ಲಿ ಮುಗಿದೇ ಹೋಗ್ತದೆ. ಸಿ.ಎನ್.ಸಿ. ಹೊಟ್ಟೆ ತುಂಬೋದು ಒಂದೇ ಥರದ ನೂರಾರು ಮಾಲು ಇದ್ದಾಗ. ನಮ್ಮ ಹುಡುಗ ತಾನು ದುಡಿದ ಕಡೆಯಿಂದಲೇ ಜಾಬ್‌ವರ್ಕ್ ಮಾತಾಡಿಕೊಂಡು, ಆಮೇಲೆ ಕೆಲಸ ಬಿಟ್ಟು ಊರಿಗೆ ಬಂದ. ಊರಿನ ರಿಪೇರಿ ಬಂದರೆ ಅದು ಮೇಲುಖರ್ಚಿಗೆ.

ಈಗ ಮಂಡಳಿಯ ಮುಂದೆ ನಮ್ಮ ಬೇಡಿಕೆ. ಈ ಮೂವರಿಗೂ ಸಾಲ ಕೊಡಿ, ಆದರೆ ಒಂದೇ ಕಂತಿನಲ್ಲಿ ಬೇಡ. ಹಣವೆಲ್ಲ ಮಿಷನ್ನಿಗೇ ಮುಗಿದು, ಡ್ರೈವಿಗೆ ದುಡ್ಡಿಲ್ಲದೆ ಟಾರ್ಪಾಲಿನ ಅಡಿ ತುಕ್ಕು ಹಿಡೀತಾ ನಿಂತ ಲೇತಿಗೂ ಬಡ್ಡಿ ಓಡ್ತಾನೇ ಇರ್ತದೆ. ಮೊದಲ ಕಂತು, ತಿಳಿದ ಟರ್ನರ್ ಒಬ್ಬರು ಡಯಲ್ ಇಟ್ಟು ನೋಡಿ ಬರೆದುಕೊಟ್ಟ ಮೇಲೆ. ಎರಡನೆಯದು, ಮಿಷನ್ ಬುನಾದಿ ಮೇಲೆ ಕೂತು ಕನೆಕ್ಷನ್ ಬಂದ ಮೇಲೆ, ಸಾಮಾನು ಮಾರುವವರ ಹೆಸರಿಗೇ ಚೆಕ್ಕು. ಜಾಬ್‌ವರ್ಕ್ ಕೊಡುವವರ ಪತ್ರ ಅರ್ಜಿ ಜೊತೆ ಇರಲಿ. ಮರುಪಾವತಿ ಆರು ತಿಂಗಳು ಬಿಟ್ಟು ಶುರುವಾಗಲಿ, ವೈರಿಂಗು, ಹೊಂದಿಸೋದು, ಟ್ರಯಲ್ಲು ಅಂತ ನಮಗೇ ಐದು ತಿಂಗಳು ಹಿಡೀತು.

ಹುಡುಗರ ತಂದೆತಾಯಂದಿರು ಇಲ್ಲೇ ಕೂತಿದ್ದೀರಿ. ಸಹಿ ಹಾಕುವ ಮುಂಚೆ ಮಿಷನ್ ನೋಡಬೇಕು ಅನ್ನೋರು ಸಂಜೆ ಹೊತ್ತು ನಮ್ಮ ಮನೆ ಕಡೆ ಬನ್ನಿ, ಹುಡುಗ ಓಡಿಸಿ ತೋರಿಸ್ತಾನೆ. ಖರ್ಚಿನ ಬಿಲ್ಲೆಲ್ಲ ಫೈಲಿನಲ್ಲಿದೆ, ಅದನ್ನೂ ನೋಡಬಹುದು.