ಪ್ಲಾಸ್ಟರ್ ಬಿಚ್ಚಿದ ಮೇಲೂ ಬಿಡದ ಬಾವು



ಕಳೆದ ಮಳೆಗಾಲದಲ್ಲಿ ಲೋಕಲ್ ಹಿಡಿಯುವ ಅವಸರದಲ್ಲಿ ಸ್ಟೇಷನ್ ಮೆಟ್ಟಿಲಲ್ಲಿ ಜಾರಿ, ನನ್ನ ಬಲಪಾದದ ಗಂಟಿನ ಮೂಳೆ ಮುರಿಯಿತೆಂದು ನಿಮಗೆ ಗೊತ್ತೇ ಇದೆ. 6 ವಾರ ಪ್ಲಾಸ್ಟರ್. ಬಿಚ್ಚಿದ ದಿನ ಡಾಕ್ಟರು, "ಮೂಳೆ ಕೂಡಿದೆ" ಅಂದರು. ನಾನು ಅದನ್ನು "ಎಲ್ಲಾ ಮುಗಿಯಿತು" ಎಂದು ಕೇಳಿಸಿಕೊಂಡೆ. ಮರುದಿನವೇ ಅಡುಗೆಮನೆಯಲ್ಲಿ ನಿಂತೆ. ಸಂಜೆಗೆ ಚಪ್ಪಲಿ ಹಿಡಿಸದಷ್ಟು ಬಾವು. ಬೆಳಿಗ್ಗೆ ಇಳಿಯುವುದು, ಸಂಜೆ ಮತ್ತೆ ಅದೇ. ತಿಂಗಳುಗಟ್ಟಲೆ ಹೀಗೇ. "ಇನ್ನೂ ಇಳಿದಿಲ್ವಾ?" ಎಂದು ಯಾರಾದರೂ ಕೇಳಿದರೆ ನಾಚಿಕೆಯಾಗಿ ಸೀರೆಯ ನೆರಿಗೆ ಇಳಿಸಿ ಕಾಲು ಮುಚ್ಚಿಕೊಳ್ಳುತ್ತಿದ್ದೆ.

ಕಾರಣ ತಿಳಿಸಿದವರು ಫಿಸಿಯೋಥೆರಪಿಸ್ಟ್. ನಾವು ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಪ್ಲಾಸ್ಟರಿನಲ್ಲಿ ಆ ಸ್ನಾಯು ಸೊರಗಿರುತ್ತದೆ. ನೀರು ಪಾದದಲ್ಲೇ ನಿಲ್ಲುತ್ತದೆ. ಮೂಳೆಯ ಸುತ್ತಲಿನ ಭಾಗಕ್ಕೂ ಪೆಟ್ಟಾಗಿರುತ್ತದೆ. ಹಾಗಾಗಿ ಬಾವು 6 ತಿಂಗಳು, ಕೆಲವರಿಗೆ ವರ್ಷದವರೆಗೂ ಉಳಿಯಬಹುದು. ಸಂಜೆ ಬಾವು ಬಂತೆಂದರೆ ಮೂಳೆ ಕೂಡಿಲ್ಲ ಎಂದಲ್ಲ.

ಅವರು ಹೇಳಿದ್ದು ಇಷ್ಟೇ: ದಿನಕ್ಕೆ ಮೂರು ನಾಲ್ಕು ಸಲ, 20 ನಿಮಿಷ ಮಲಗಿ, ದಿಂಬುಗಳ ಮೇಲೆ ಪಾದವನ್ನು ಎದೆಮಟ್ಟಕ್ಕಿಂತ ಎತ್ತರಕ್ಕಿಡಿ. ಸ್ಟೂಲಿನ ಮೇಲೆ ಕಾಲಿಟ್ಟು ಕೂತರೆ ಸಾಲದು. ಪಾದವನ್ನು ಮೇಲೆ ಕೆಳಗೆ ಆಡಿಸಿ. ತರಕಾರಿ ಕೂತು ಹೆಚ್ಚಿ. ಬಿಗಿ ಕಾಲುಚೀಲ ಬೇಕೋ ಎಂದು ಡಾಕ್ಟರನ್ನು ಕೇಳಿ.

ನನಗೆ ಕಷ್ಟವಾದದ್ದು ಮಲಗುವುದೇ! ಮನೆಯವರೆಲ್ಲ ಬರುವ ಹೊತ್ತಿಗೆ ಮಲಗಿದರೆ ಹೇಗೆ? ಕೊನೆಗೆ ಅತ್ತೆಯವರೇ ಗದರಿದರು: "ಚಪಾತಿ ಒಂದಿನ ದಪ್ಪ ಆದ್ರೆ ಏನೂ ಆಗಲ್ಲ. ಮಲಗು ನೀನು." ಅಂದಿನಿಂದ ಚಪಾತಿ ಮಗನದು.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಪ್ಲಾಸ್ಟರ್ ಬಿಚ್ಚಿದ ಎರಡನೇ ವಾರ ಒಮ್ಮೆಲೇ ಮೀನಖಂಡ ಬಿಗಿದು ನೋಯತೊಡಗಿತು, ಮುಟ್ಟಿದರೆ ಬಿಸಿ. ರಾತ್ರಿ ಕಳೆದರೂ ಇಳಿಯಲಿಲ್ಲ. ಹಳೆಯ ಬಾವೇ ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕಲು ಹೊರಟಿದ್ದೆ. ಮಗಳು ಹಟಮಾಡಿ ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನಿನಲ್ಲಿ ರಕ್ತನಾಳದೊಳಗೆ ಹೆಪ್ಪು ಕಂಡಿತು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಔಷಧದಿಂದ ಉಳಿದುಕೊಂಡೆ. ಇಂಥ ನೋವು ಬಂದರೆ ತಿಕ್ಕಬೇಡಿ, ಅಂದೇ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ.

ಇಂದಿಗೂ ಸಂಜೆ ಸ್ವಲ್ಪ ಬಾವು ಬರುತ್ತದೆ. ಈಗ ನೆರಿಗೆ ಇಳಿಸುವುದಿಲ್ಲ, ದಿಂಬು ತರಿಸುತ್ತೇನೆ. ನೀವೂ ತರಿಸಿಕೊಳ್ಳಿ.