ವಾರಸುದಾರರಿದ್ದೂ ಅನಾಥವಾದ ಹಣ: ಭವಿಷ್ಯನಿಧಿಯ ನಿಷ್ಕ್ರಿಯ ಖಾತೆಗಳು

ಪಿಎಫ್ ಖಾತೆಯ ನಿದ್ದೆ ಕೆಲಸ ಬಿಟ್ಟ ದಿನ ಶುರುವಾಗುತ್ತದೆ. ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದ ಶೇ. 12ರ ಕಂತೂ ಮಾಲೀಕರ ಪಾಲೂ ಅಂದಿಗೆ ನಿಲ್ಲುತ್ತವೆ; ಅಲ್ಲಿಯವರೆಗೆ ಸೇರಿದ ಹಣ ಕಾರ್ಮಿಕರ ಭವಿಷ್ಯನಿಧಿ ಸಂಘಟನೆಯ ಲೆಕ್ಕದಲ್ಲೇ ಉಳಿಯುತ್ತದೆ. 2023–24ರ ಕೊನೆಗೆ ನಿಷ್ಕ್ರಿಯ ಖಾತೆಗಳು 21 ಲಕ್ಷ ದಾಟಿದ್ದವು, ಅವುಗಳಲ್ಲಿ ಸುಮಾರು 8,505 ಕೋಟಿ ರೂಪಾಯಿ ಇತ್ತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿದೆ. ಇದನ್ನು ವಾರಸುದಾರರಿಲ್ಲದ ಹಣ ಎನ್ನುವುದು ರೂಢಿ. ಆದರೆ ಪ್ರತಿ ಖಾತೆಗೂ ಹಕ್ಕುದಾರರು ಇದ್ದೇ ಇದ್ದಾರೆ. ಕಡಿದುಹೋಗಿರುವುದು ಹಣಕ್ಕೂ ಹೆಸರಿಗೂ ನಡುವಿನ ಕೊಂಡಿ.

ಮರೆವೇ ಇದಕ್ಕೆ ಕಾರಣವೆಂಬ ಮಾತನ್ನು ಬೆಂಗಳೂರೇ ಅಲ್ಲಗಳೆದಿದೆ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ಹೊಸೂರು ರಸ್ತೆಯಲ್ಲಿ ಕುಳಿತರು. ಎರಡನೆಯ ದಿನ ಕೇಂದ್ರ ಸರ್ಕಾರ ನಿಯಮವನ್ನು ಹಿಂಪಡೆಯಿತು. ಪಿಎಫ್ ದುಡ್ಡು ಅವರಿಗೆ ಚೆನ್ನಾಗಿಯೇ ನೆನಪಿತ್ತು. ತೊಡಕಿರುವುದು ದಾಖಲೆಯಲ್ಲಿ. 2014ರ ಅಕ್ಟೋಬರ್‌ನಲ್ಲಿ ಯುಎಎನ್ (ಸದಸ್ಯರಿಗೆ ಒಂದೇ ಕಾಯಂ ಸಂಖ್ಯೆ) ಬರುವವರೆಗೆ ಕಾರ್ಖಾನೆ ಬದಲಾದಾಗಲೆಲ್ಲ ಹೊಸ ಪಿಎಫ್ ನಂಬರ್. ಹಳೆಯದಕ್ಕೆ ಸ್ಯಾಲರಿ ಸ್ಲಿಪ್ ಒಂದೇ ಸಾಕ್ಷಿ. ಕನ್ನಡದ ಹೆಸರುಗಳ ಪಾಡು ಬೇರೆಯೇ. ಕಾರ್ಖಾನೆಯ ಪುಸ್ತಕದಲ್ಲಿ ‘ಎಚ್. ಲಕ್ಷ್ಮಮ್ಮ’ ಎಂದಿದ್ದವರು ಆಧಾರ್‌ನಲ್ಲಿ ‘ಲಕ್ಷ್ಮಮ್ಮ ಹನುಮಂತಪ್ಪ’ ಆಗಿರುತ್ತಾರೆ. ಮದುವೆಯ ನಂತರ ತಂದೆಯ ಹೆಸರಿದ್ದ ಕಡೆ ಗಂಡನ ಹೆಸರು ಬಂದಿರುತ್ತದೆ. ಊರಿಗೆಲ್ಲ ಗೊತ್ತಿರುವ ಒಬ್ಬಾಕೆ ಕಂಪ್ಯೂಟರಿಗೆ ಇಬ್ಬರು.

ನಿಷ್ಕ್ರಿಯ ಎಂಬ ಪದದ ಅರ್ಥವೂ ಸ್ಥಿರವಾಗಿ ನಿಂತಿಲ್ಲ. 36 ತಿಂಗಳು ವಂತಿಗೆ ಬಾರದ ಖಾತೆಗಳಿಗೆ 2011ರ ಏಪ್ರಿಲ್‌ನಿಂದ ಬಡ್ಡಿ ನಿಲ್ಲಿಸಲಾಯಿತು. ಕೆಲಸ ಕಳೆದುಕೊಂಡವರಿಗೆ ಇದು ದಂಡವೇ ಸರಿ. 2016ರ ನವೆಂಬರ್‌ನ ತಿದ್ದುಪಡಿ ಅದನ್ನು ಸರಿಪಡಿಸಿತು: 55 ವರ್ಷ ತುಂಬಿ ನಿವೃತ್ತರಾದ, ವಿದೇಶದಲ್ಲಿ ಕಾಯಂ ನೆಲೆಸಿದ ಅಥವಾ ತೀರಿಕೊಂಡ ಸದಸ್ಯರ ಹಣಕ್ಕೆ 36 ತಿಂಗಳೊಳಗೆ ಕ್ಲೇಮ್ ಬರದಿದ್ದರೆ ಮಾತ್ರ ಖಾತೆ ನಿಷ್ಕ್ರಿಯ. ಹೀಗಾಗಿ ಮೂವತ್ತರಲ್ಲಿ ಕೆಲಸ ಬಿಟ್ಟವರ ಹಣಕ್ಕೂ ಸಾಮಾನ್ಯವಾಗಿ 58ರವರೆಗೆ ಬಡ್ಡಿ ಸೇರುತ್ತದೆ. ಆದರೆ ಕೆಲಸ ಬಿಟ್ಟ ನಂತರದ ಬಡ್ಡಿಗೆ ಆದಾಯ ತೆರಿಗೆ ಉಂಟೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2017ರಲ್ಲಿ ಹೇಳಿದೆ.

ಮುಂದಿನ ಹಂತ ಹಿರಿಯ ನಾಗರಿಕರ ಕಲ್ಯಾಣ ನಿಧಿ. ಖಾತೆ ನಿಷ್ಕ್ರಿಯವಾಗಿ ಏಳು ವರ್ಷವಾದರೂ ಯಾರೂ ಕೇಳದ ಹಣ ಈ ನಿಧಿಗೆ ಹೋಗಬೇಕೆನ್ನುತ್ತದೆ 2016ರಲ್ಲಿ ಹೊರಟ ನಿಯಮ. ಹೋದ ಮೇಲೂ 25 ವರ್ಷ ಹಕ್ಕು ಉಳಿಯುತ್ತದೆ. ಅನಂತರ ಹಣ ಕೇಂದ್ರ ಸರ್ಕಾರದ್ದು. 58ರಲ್ಲಿ ನಿಷ್ಕ್ರಿಯವಾದ ಖಾತೆಯ ಲೆಕ್ಕ ಹಿಡಿದರೆ ಒಡೆಯರಿಗೆ ತೊಂಬತ್ತು ತುಂಬುವವರೆಗೂ ಬಾಗಿಲು ತೆರೆದಿರುತ್ತದೆ. ಕಾನೂನು ಜಿಪುಣತನ ಮಾಡಿಲ್ಲ. ಆ ಬಾಗಿಲ ತನಕ ಹೋಗುವ ದಾರಿಯೇ ಇಕ್ಕಟ್ಟು.

ಹಣ ಮರಳಿ ಪಡೆಯುವ ಕೆಲಸ ಹಳೆಯ ನಂಬರ್ ಹುಡುಕುವುದರಿಂದ ಆರಂಭ. ಅದು ಸಿಕ್ಕರೆ ಯುಎಎನ್‌ಗೆ ಜೋಡಿಸಿ, ಕೆವೈಸಿ ಮುಗಿಸಿ, ಹೊಸ ಖಾತೆಗೆ ವರ್ಗಾಯಿಸಬಹುದು ಅಥವಾ ಫಾರಂ 19ರಲ್ಲಿ ಪೂರ್ತಿ ಹಣ ಕೇಳಬಹುದು. ವರ್ಗಾವಣೆಯೇ ಲೇಸು, ಏಕೆಂದರೆ ಬಿಡಿಬಿಡಿ ಕೆಲಸದ ವರ್ಷಗಳು ಕೂಡಿ ಹತ್ತಾದರೆ ಪಿಂಚಣಿಯ ಹಕ್ಕು ಹುಟ್ಟುತ್ತದೆ. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ನಮೂದಿಸದೆ ಬಿಟ್ಟಿದ್ದರೆ 2020ರಿಂದ ಸದಸ್ಯರೇ ಅದನ್ನು ಆನ್‌ಲೈನ್‌ನಲ್ಲಿ ತುಂಬಬಹುದು. ಹೆಸರಿನ ತಿದ್ದುಪಡಿಗೆ ಮಾಲೀಕರ ಸಹಿಯೂ ಬೇಕಾಗುವ ಜಾಯಿಂಟ್ ಡಿಕ್ಲರೇಷನ್ ಇದೆ. ಮುಚ್ಚಿಹೋದ ಕಾರ್ಖಾನೆಗೆ ಸಹಿ ಹಾಕುವವರಾರು? ಅಂಥಲ್ಲಿ ಗೆಜೆಟೆಡ್ ಅಧಿಕಾರಿ, ಬ್ಯಾಂಕ್ ಮ್ಯಾನೇಜರ್ ಮುಂತಾದವರ ದೃಢೀಕರಣಕ್ಕೆ ಅವಕಾಶವಿದೆ. ಅದಕ್ಕಾಗಿ ಅಲೆಯುವಷ್ಟು ದಿನ ಕೂಲಿ ಬಿಡಬೇಕಾದೀತು.

ಸದಸ್ಯರು ತೀರಿಕೊಂಡಿದ್ದರೆ ನಾಮಿನಿ ಫಾರಂ 20 ಸಲ್ಲಿಸುತ್ತಾರೆ. ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನ ಮದುವೆಯೊಂದಿಗೆ ಅಸಿಂಧುವಾಗುತ್ತದೆಂಬುದು ಹಲವರಿಗೆ ತಿಳಿಯದು. ಹೊಸ ನಾಮಿನಿ ಇಲ್ಲದಿದ್ದರೆ ಹಣ ಕುಟುಂಬದವರಿಗೆ ಸಮಪಾಲಾಗಿ ಹಂಚಿಕೆಯಾಗುತ್ತದೆ. ಆದರೆ ಪ್ರಾಯಕ್ಕೆ ಬಂದ ಗಂಡುಮಕ್ಕಳಿಗೂ ಗಂಡ ಬದುಕಿರುವ ಹೆಣ್ಣುಮಕ್ಕಳಿಗೂ, ಕುಟುಂಬದಲ್ಲಿ ಬೇರೆ ಹಕ್ಕುದಾರರಿರುವಾಗ, ಇದರಲ್ಲಿ ಪಾಲಿಲ್ಲ.